ಸಂಜುಕುಮಾರನ ಮೀನುಗಳು

"ಮೀನಿನ ತೊಟ್ಟ್ಯಾಗ ವಿಷ ಹಾಕ್ಯಾಳ್ರಿ ಟೀಚರ್, ಬ್ಯಾರೆ ಏನಿಲ್ಲ," ಎಂದರು ದೌಲತರಾಯರು. "ನಾಳಿ ಆಕಿ ಅಣ್ಣ ಗೊಬ್ಬೂರಿಂದ ಬರ್ತಾನ, ಕರ್ಕೊಂಡು ಹೋಗ್ಲಿ. ಅಂಥ ಸೊಸಿಗೆ ನಮ್ಮ ಮನ್ಯಾಗ ಜಾಗಾ ಇಲ್ಲ."

ಆಳಂದದ ಆ ಓಣಿಯಲ್ಲಿ ಏನೇ ಕಳುವಾಗಲಿ, ಜನ ಮೊದಲು ಬರುವುದು ನಿವೃತ್ತ ವಿಜ್ಞಾನ ಶಿಕ್ಷಕಿ ಗೌಸಿಯಾಬೇಗಂ ಅವರ ಬಾಗಿಲಿಗೆ. ಅವರು ಹೊರಟರೆ ಪಕ್ಕದ ಮನೆಯ ವಿಜಯಶ್ರೀಯೂ ಹೊರಟಳೆಂದೇ ಲೆಕ್ಕ. ಈ ಸಲ ಮಾತ್ರ ಅವಳಿಗೆ ಕಾಲೇ ಏಳಲಿಲ್ಲ. ವರ್ಷದ ಹಿಂದೆ ಬೈಕಿನಿಂದ ಬಿದ್ದು ತೀರಿಕೊಂಡ ದೌಲತರಾಯರ ಮಗ ಸಂಜುಕುಮಾರ, ಗಾಜಿನ ತೊಟ್ಟಿಯಲ್ಲಿ ಗೋಲ್ಡ್‌ಫಿಶ್‌ಗಳನ್ನು ಸಾಕಿದ್ದ. ಹೆಂಡತಿ ಸುನಿತಾ, ತಾಯಿ ಗುರಮ್ಮ ಇಬ್ಬರೂ ಆ ಮೀನುಗಳ ಮುಖ ನೋಡಿಯೇ ದಿನ ದೂಡುತ್ತಿದ್ದರು. ಅವನ ಪುಣ್ಯಸ್ಮರಣೆ ಮುಗಿದ ಮೇಲೆ ಅವು ಒಂದೊಂದಾಗಿ ಸತ್ತವು. ಅಂಥ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಕೊನೆಗೆ ಇಬ್ಬರೂ ಹೋದಾಗ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಗೌಸಿಯಾಬೇಗಂ ಫಿಲ್ಟರಿನ ಸ್ಪಂಜು ಹೊರತೆಗೆದರು. ಅಂಗಡಿಯಿಂದ ಆಗಷ್ಟೇ ತಂದಂತೆ ಬೆಳ್ಳಗಿತ್ತು. ತಳದ ಕಲ್ಲುಗಳ ನಡುವೆ ಹುಣಸೆಹಣ್ಣಿನ ನಾರೊಂದು ಸಿಕ್ಕಿತು.

"ನೀರು ಯಾರು ಬದಲಿಸ್ತೀರಿ?"

"ನಾನ್ರಿ," ಎಂದಳು ಸುನಿತಾ. "ವಾರಕ್ಕೊಮ್ಮೆ, ಸ್ವಲ್ಪ ಸ್ವಲ್ಪ. ನಳದ ನೀರು ಹಿಂದಿನ ದಿನಾನ ಬಕೆಟ್‌ನ್ಯಾಗ ತುಂಬಿಡ್ತೇನಿ, ಬ್ಲೀಚಿಂಗ್ ವಾಸನಿ ಹೋಗ್ಲಂತ. ಅವರು ಹಂಗ ಕಲಿಸಿದ್ರು."

"ಸ್ಪಂಜು?"

"ಅದೂ ನಾನ ತೊಳದೇನ್ರಿ." ಅವಳು ತಲೆ ಎತ್ತಲಿಲ್ಲ.

ಗೌಸಿಯಾಬೇಗಂ ಗುರಮ್ಮನತ್ತ ತಿರುಗಿದರು. "ಪುಣ್ಯಸ್ಮರಣೆ ದಿನ ದೇವರ ಸಾಮಾನು ಯಾರು ತಿಕ್ಕಿದ್ರಿ?"

"ಯಾವಾಗ್ಲೂ ನಾನ ತಿಕ್ಕಾಕಿ. ಹುಣಸಿಹಣ್ಣು ಹಚ್ಚಿ ತಿಕ್ಕತೇನಿ. ಬ್ಯಾರೇದವರ ಕೈಯಾಗ ಕೊಡಂಗಿಲ್ಲ."

ಮಾತು ಎತ್ತ ಹೊರಟಿದೆಯೆಂದು ವಿಜಯಶ್ರೀಗೆ ತಿಳಿಯಿತು. "ಬ್ಯಾಡ್ರಿ ಟೀಚರ್," ಎಂದು ಅವರ ಸೆರಗು ಜಗ್ಗಿದಳು.

"ಬೇಕಸೂರ, ಏನೂ ತಪ್ಪಿಲ್ಲದ ಹುಡುಗಿ ಮ್ಯಾಲ ಇಂಥ ಹೆಸರು ಹೊರಿಸಿ ಕಳಸ್ತಾರ. ಸುಮ್ನಿರಲೇನು?"

ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಅವರು ಬಿಡಿಸಿ ಹೇಳಿದರು. "ವಿಷ ಹಾಕಿದ್ರ ಎಲ್ಲಾ ಮೀನ ಒಮ್ಮೆಲೇ ಸಾಯ್ತಿದ್ದವು. ಇವು ದಿನಾ ಒಂದೊಂದು ಸತ್ತಾವ. ಸ್ಪಂಜು ದಿನಾ ಕಳದಂಗ ಕಪ್ಪಾಗ್ತದ, ಆ ಕಪ್ಪು ಹೊಲಸಲ್ಲ. ಮೀನಿನ ಹೇಲು-ಉಚ್ಚಿ ತಿಂದು ನೀರು ಕಾಯೋ ಜೀವಾಣು ಅಲ್ಲೇ ಇರ್ತಾವ, ಕಲ್ಲಿನ ಮ್ಯಾಲೂ ಇರ್ತಾವ. ಎರಡನ್ನೂ ನಳದ ಬ್ಲೀಚಿಂಗ್ ನೀರಾಗ ತಿಕ್ಕಿ ತೊಳದ್ರ ಅವು ಸತ್ತು, ಮೀನಿನ ಹೊಲಸೇ ಅಮೋನಿಯಾ ಆಗಿ ಏರ್ತದ. ನೀರು ತಿಳಿಯಾಗೇ ಕಾಣ್ತದ, ಒಳಗ ಮೀನ ಉಸಿರು ಕಟ್ಟಿ ಸಾಯ್ತಾವ. ಬಕೆಟ್ ತುಂಬಿಡೋದು ಕಲಿತಾಕಿ ಸ್ಪಂಜು ನಳದ ಕೆಳಗ ಹಿಡಿಯಂಗಿಲ್ಲ. ಕಲ್ಲಾಗ ಹುಣಸಿ ನಾರು ಸಿಕ್ಕದ. ಈ ಮನ್ಯಾಗ ಹುಣಸಿಹಣ್ಣು ಹಚ್ಚಿ ತಿಕ್ಕೋ ಕೈ ಒಂದೇ."

ಗುರಮ್ಮ ತಮ್ಮ ಎರಡೂ ಅಂಗೈ ನೋಡಿಕೊಂಡರು.

"ಅವತ್ತ... ಮಗನ ಸಾಮಾನು ಹೊಲಸ ಇರಬಾರದಂತ..."

ದೌಲತರಾಯರು ಸೊಸೆಯ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ, "ನೀ ಎಲ್ಲೂ ಹೋಗಬ್ಯಾಡವ್ವಾ," ಎಂದರು.

ಗೆದ್ದ ಕೇಸು ಇಷ್ಟು ಭಾರವಾದದ್ದನ್ನು ವಿಜಯಶ್ರೀ ಎಂದೂ ಕಂಡಿರಲಿಲ್ಲ. ಸುನಿತಾ ಬಾಗಿಲವರೆಗೆ ಬಂದಳು.

"ನನಗ ಗೊತ್ತಿತ್ರಿ ಟೀಚರ್. ಅತ್ತಿಯವ್ರು ಸ್ಪಂಜು ತಿಕ್ಕಿ ಮುಗಿಸಿದ ಮ್ಯಾಲ ನೋಡಿದ್ದೆ. ನಾ ಹೋಗಿದ್ರ ಅವರಿಗೆ ಬೈಯ್ಯಾಕ ಒಬ್ಬಾಕಿ ಇರ್ತಿದ್ದಳು. ಈಗ ಯಾರಿಗೆ ಬೈಬೇಕ್ರಿ ಅವರು?"

ಒಳಗೆ ಗುರಮ್ಮ ತಮ್ಮ ಕೈಯನ್ನು ತಾವೇ ನೆಲಕ್ಕೆ ಬಡಿದುಕೊಳ್ಳತೊಡಗಿದ್ದರು. ಸುನಿತಾ ಒಳಗೆ ಓಡಿದಳು.