ಅವಳು ಆರಿಸಿದ್ದು ಮಾತ್ರ ಬರುವ ಪುಟ

"ನನ್ನ ಪುಟ ಯಾಕ್ರೀ ಆಫ್ ಮಾಡಿದ್ರಿ? ನನ್ನ ಮೇಲೆ ಕೋಪ ಇದ್ರೆ ಬಾಯ್ಬಿಟ್ಟು ಹೇಳ್ಬೇಕಿತ್ತು!"

ಗುಬ್ಬಿ ಬಸ್ ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ರಿಪೇರಿ ಅಂಗಡಿಯ ಬಾಗಿಲಲ್ಲಿ ಇಂಪನಾ ಏದುಸಿರು ಬಿಡುತ್ತಾ ನಿಂತಿದ್ದಳು. ಒಳಗಿದ್ದ ಭಾನುಪ್ರಕಾಶ್ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಎದ್ದ. ಜಗಳವಾದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಇದೇ ಮೊದಲು.

"ಕೂತ್ಕೊಳ್ಳಿ..." ಎಂದ.

ಅಷ್ಟೇ! ಬೇಕಾದ ಹೊತ್ತಿಗೆ ಈ ಹುಡುಗನಿಗೆ ಮಾತೇ ಹೊರಡುವುದಿಲ್ಲ.

ಇಂಪನಾ ಕುಣಿಗಲ್ಲಿನವಳು. ಬಟವಾಡಿಯ ಲ್ಯಾಬೊಂದರಲ್ಲಿ ಕೆಲಸ, ಅಲ್ಲೇ ಒಂಟಿ ರೂಮು. ಕಳೆದ ವರ್ಷ ನಿಶ್ಚಯವಾಗಿದ್ದ ಮದುವೆ ಮುರಿದುಬಿತ್ತು. ಅದು ಊರಿಗೆಲ್ಲ ಗೊತ್ತಾಯಿತು, ಅವಳ ಫೋನಿಗೆ ಮಾತ್ರ ಗೊತ್ತಾಗಲಿಲ್ಲ! ಯಾವ ವಿಡಿಯೋ ನೋಡಹೋದರೂ ಮೆಹಂದಿ ಡಿಸೈನು, ಮದುಮಗಳ ಬ್ಲೌಸು... ಊಟದ ತಟ್ಟೆ ಮುಂದಿಟ್ಟುಕೊಂಡು ಅತ್ತದ್ದುಂಟು.

ಲ್ಯಾಬಿನ ಕಂಪ್ಯೂಟರ್ ಸರಿಮಾಡಲು ಬಂದಿದ್ದ ಭಾನುವಿನ ಹತ್ತಿರ ಒಮ್ಮೆ ಹೇಳಿಕೊಂಡಳು.

"ಫೀಡ್ ರೀಡರ್ ಅಂತ ಇದೆ ಕಣ್ರೀ. ನಿಮಗೆ ಇಷ್ಟವಾದ ಚಾನೆಲ್ ಹೇಳಿ, ಅವರ ಹೊಸ ವಿಡಿಯೋ ಮಾತ್ರ ಒಂದು ಪುಟದಲ್ಲಿ ಬರುತ್ತೆ. ಬೇಡದ್ದು ಒಂದೂ ಬರಲ್ಲ. ನನ್ನ ಅಂಗಡಿಯ ಹಳೇ ಕಂಪ್ಯೂಟರಲ್ಲೇ ಓಡಿಸ್ತೀನಿ, ನೀವು ಫೋನಲ್ಲಿ ನೋಡ್ಕೊಳ್ಳಿ."

ಹೊಲಿಗೆ ಮಿಷನ್ ರಿಪೇರಿ ಮಾಡುವ ತಾತ, ಕ್ರೋಶಾ ಹೆಣೆಯುವ ಅಜ್ಜಿ, ಒಂದೂ ಮಾತಾಡದೆ ಅಡುಗೆ ಮಾಡುವ ಹೆಂಗಸು. ಅವಳು ಹೇಳಿದಳು, ಅವನು ಟೈಪ್ ಮಾಡಿದ. ಸಂಜೆಯ ಹೊತ್ತು ಆ ರೂಮಿನಲ್ಲಿ ಅವಳಿಗೆ ಅವರೇ ಬಂಧುಬಳಗ.

ಆಮೇಲೆ ಒಂದು ದಿನ ಭಾನು ಫೋನಿನಲ್ಲಿ ನಗುತ್ತಾ, "ಮಿಷನ್ ತಾತ ಸೂಜಿ ಕಳ್ಕೊಂಡು ಪರದಾಡಿದ್ದು ನೋಡಿದ್ರಾ?" ಎಂದ.

ಅವಳಿಗೆ ಅನುಮಾನ ಬಂತು. 'ನಾನು ನೋಡೋದನ್ನೆಲ್ಲ ಇವನು ಕದ್ದು ನೋಡ್ತಿದಾನಾ?' ಮದುವೆ ನಿಶ್ಚಯವಾಗಿದ್ದವನೂ ಹೀಗೇ ಅವಳ ಫೋನ್ ತಡಕುತ್ತಿದ್ದ.

"ಇನ್ಮೇಲೆ ನನಗೆ ಫೋನ್ ಮಾಡ್ಬೇಡಿ!"

ಅವನು ಮಾಡಲಿಲ್ಲ. ಆದರೆ ಅವಳ ಪುಟ ತೆರೆಯುತ್ತಲೇ ಇತ್ತು. ಅದು ತೆರೆದಾಗಲೆಲ್ಲ, 'ಭಾನು ಇದಾನೆ, ನನ್ನ ಬಿಟ್ಟಿಲ್ಲ' ಅನ್ನಿಸಿ ಕಣ್ಣು ಒದ್ದೆಯಾಗುತ್ತಿತ್ತು. ಎರಡು ದಿನದಿಂದ ಪುಟವೇ ತೆರೆಯಲಿಲ್ಲ. ರೂಮಿನ ಗೋಡೆಗಳು ತಿನ್ನಲು ಬಂದಂತಾಗಿ ಗುಬ್ಬಿ ಬಸ್ಸು ಹತ್ತಿಬಿಟ್ಟಳು.

ಭಾನು ಅಂಗೈಯಗಲದ ಒಂದು ಪೆಟ್ಟಿಗೆ ತಂದು ಅವಳ ಕೈಗಿಟ್ಟ.

"ನಿಮ್ಮ ಪುಟದ್ದೆಲ್ಲಾ ಹಳೇ ಕಂಪ್ಯೂಟರಿಂದ ಇದಕ್ಕೆ ಹಾಕ್ತಿದ್ದೆ, ಅದಕ್ಕೇ ಬಂದ್ ಆಗಿತ್ತು. ಇದೂ ಕಂಪ್ಯೂಟರೇ. ನಿಮ್ಮ ರೂಮಲ್ಲೇ ಇಟ್ಕೊಳ್ಳಿ, ಪಾಸ್‌ವರ್ಡ್ ನೀವೇ ಹಾಕ್ಕೊಳ್ಳಿ. ನಾನು ನೋಡ್ತೀನಿ ಅನ್ನೋ ಭಯ ಬೇಡ."

"ಮೊದಲು... ನೋಡ್ತಿದ್ರಾ?"

"ಇಲ್ಲ ಕಣ್ರೀ! ನೀವು ಹೇಳಿದ ಚಾನೆಲ್‌ಗಳನ್ನೇ ನಾನೂ ಹಾಕ್ಕೊಂಡೆ. ಇಲ್ದಿದ್ರೆ ನಿಮ್ಮ ಹತ್ರ ಏನಂತ ಮಾತಾಡ್ಲಿ? ಹೊಲಿಗೆ ಮಿಷನ್ ಕಟ್ಕೊಂಡು ನನಗೇನಾಗ್ಬೇಕು..." ಅವನ ದನಿ ಇಳಿಯಿತು. "ನೀವಂದ್ರೆ ಇಷ್ಟ. ಹೇಳೋಕೆ ಬರ್ಲಿಲ್ಲ."

ಅದೇ ತಾತನನ್ನು ಗುಬ್ಬಿಯಲ್ಲಿ ಇವನೊಬ್ಬನೇ, ಬಟವಾಡಿಯಲ್ಲಿ ಅವಳೊಬ್ಬಳೇ ಕೂತು ನೋಡಿದ್ದರು! ಇಂಪನಾಳಿಗೆ ದುಃಖ ತಡೆಯಲಾಗಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲೆ ವಾಪಸ್ ಇಟ್ಟಳು.

"ಇದು ಬೇಡ."

"ಯಾಕೆ?"

"ಇದನ್ನ ತಗೊಂಡೋದ್ರೆ ನಿಮ್ಮ ಹತ್ರ ಬರೋಕೆ ನನಗೆ ನೆಪನೇ ಇರಲ್ಲ ಭಾನು... ಕೇಳ್ದೇನೇ ಕಳ್ಳ ಅಂದ್ಕೊಂಡ್ಬಿಟ್ಟೆ, ತಪ್ಪಾಯ್ತು. ನೋಡೋಕೆ ಚಾನೆಲ್ ಬೇಕಾದಷ್ಟಿವೆ. ನೋಡಿದ್ದನ್ನ ಹೇಳ್ಕೊಳ್ಳೋಕೆ ನೀವೇ ಬೇಕು."

ಭಾನು ಪೆಟ್ಟಿಗೆಯ ವೈರನ್ನು ಅಂಗಡಿಯ ಪ್ಲಗ್ಗಿಗೇ ಸಿಕ್ಕಿಸಿದ.

"ಇಲ್ಲೇ ಇರ್ಲಿ ಬಿಡಿ. ಕರೆಂಟ್ ಹೋದ್ರೆ ಮಾತ್ರ ಪುಟ ತೆರೆಯಲ್ಲ."

"ಆಗ ಫೋನ್ ಮಾಡಿ ಬೈತೀನಿ."

"ಕರೆಂಟ್ ಇದ್ರೆ?"

"ಆಗ್ಲೂ ಮಾಡ್ತೀನಿ ಕಣೋ!"