ಒವಿಲಾ ಗ್ರಾವೆಲ್‌ನ ಎರಡು ಸಹಿಗಳು

2019ರ ಫೆಬ್ರವರಿ 12, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಕೆನಡಾದ ಟಿಮ್ಮಿನ್ಸ್ ಪೊಲೀಸ್ ಠಾಣೆಗೆ ಮಿರಿಯೆಲ್ ಗ್ರಾವೆಲ್ ಎಂಬ ಅರವತ್ತೊಂದು ವರ್ಷದ ಹೆಂಗಸು ಬಂದು, ತನ್ನ ಹಾಕಿ ಕಾರ್ಡು ಕಳುವಾಗಿದೆಯೆಂದು ದೂರು ಕೊಟ್ಟಳು. ಹೊರಗೆ ಮೈನಸ್ ಮೂವತ್ತೊಂದು. ಇಂಥ ಚಳಿಯಲ್ಲಿ ಕಳ್ಳರೂ ಕಂಬಳಿ ಬಿಟ್ಟು ಏಳುವುದಿಲ್ಲ ಎಂಬುದು ಸಾರ್ಜೆಂಟ್ ರೀಟಾ ಫಾಂತಿನ್‌ಳ ಇಪ್ಪತ್ತೆರಡು ವರ್ಷದ ಅನುಭವ. ಅವಳು ಪೆನ್ನು ಹುಡುಕಿಕೊಂಡು ಬರೆಯಲು ಕುಳಿತಳು.

ದೂರಿನ ಸಾರಾಂಶ ಇಷ್ಟು. ಮಿರಿಯೆಲ್‌ಳ ತಂದೆ ಒವಿಲಾ ಗ್ರಾವೆಲ್ ಊರಿನ ಹೆಮ್ಮೆಯ ಐಸ್ ಹಾಕಿ ಗೋಲ್‌ಕೀಪರ್. ದೊಡ್ಡ ಲೀಗಿನಲ್ಲಿ ಎಂಟು ವರ್ಷ ಆಡಿದವನು. 1958ರಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಜೊತೆ ಅವನ ಚಿತ್ರದ ಕಾರ್ಡು ಬಂದಿತ್ತು. 1990ರ ಕ್ರಿಸ್‌ಮಸ್‌ಗೆ ಅಂಥದೊಂದರ ಮೇಲೆ ಸಹಿ ಹಾಕಿ ಮಗಳಿಗೆ ಕೊಟ್ಟಿದ್ದ, ಮಾರನೆಯ ಮಾರ್ಚ್‌ನಲ್ಲಿ ತೀರಿಕೊಂಡ. ಈಗ ಊರಿನ ರಿಂಕ್‌ಗೆ, ಆ ಆಟದ ಅಂಗಣಕ್ಕೆ, ಅವನ ಹೆಸರಿಡುತ್ತಿದ್ದಾರೆ. ಅಲ್ಲಿನ ಗೋಡೆಯ ಮೇಲೆ ಅವನ ಸಹಿಯ ಕಾರ್ಡು ತೂಗುಹಾಕಬೇಕು. ಆದರೆ ಅಸಲಿ ಎಂಬ ಪ್ರಮಾಣಪತ್ರವಿದ್ದದ್ದು ಮಾತ್ರ. ಅದಕ್ಕೆ ಮಿರಿಯೆಲ್ ತನ್ನದನ್ನು ಡ್ವೇನ್ ಪ್ಲೂರ್ಡ್‌ನ ಕಾರ್ಡಿನಂಗಡಿಯ ಮೂಲಕ ಟೊರಾಂಟೊದ ಪರೀಕ್ಷಕರಿಗೆ ಕಳಿಸಿದಳು. ಜನವರಿಯಲ್ಲಿ ವಾಪಸು ಬಂತು: ಕಾರ್ಡು ಅಸಲಿ, ಹತ್ತಕ್ಕೆ ನಾಲ್ಕರ ದರ್ಜೆ. ಸಹಿ ನಕಲಿ.

ಅವಳು ತಕರಾರು ಹಾಕಿದಳು. ಬರುವ ಶನಿವಾರ ಪರೀಕ್ಷಕಿಯೇ ಊರಿಗೆ ಬರುವವಳಿದ್ದಳು, ಮತ್ತೊಮ್ಮೆ ನೋಡುವುದಾಗಿ ಒಪ್ಪಿದ್ದಳು. ಅಲ್ಲಿಯವರೆಗೆ ಕಾರ್ಡು ಡ್ವೇನ್‌ನ ಗಾಜಿನ ಕಪಾಟಿನಲ್ಲಿತ್ತು. ನಿನ್ನೆ ಸಂಜೆ ಹೋಗಿ ನೋಡಿದರೆ ಅದರ ಜಾಗದಲ್ಲಿ ಬೇರೊಂದು.

"ಬೇರೊಂದಾ? ಕಳ್ಳ ಬದಲಿಗೆ ಇಟ್ಟು ಹೋದ್ನಾ?" ರೀಟಾ ಕೇಳಿದಳು.

"ಹೂಂ. ಅಪ್ಪಂದೇ ಕಾರ್ಡು, ಅದೇ ವರ್ಷದ್ದು. ಸಹಿನೂ ಇದೆ, ಅಸಲಿ ಅಂತ ಮುದ್ರೆನೂ ಇದೆ. ಏಳರ ದರ್ಜೆ."

"ಮತ್ತೆ ನಿಮಗೆ ಲಾಭವೇ ಆಯ್ತಲ್ರೀ."

ಮಿರಿಯೆಲ್ ನಗಲಿಲ್ಲ. "ನಂದು ಅಪ್ಪ ನನ್ನ ಅಡುಗೆಮನೇಲಿ ಕೂತು ಬರೆದದ್ದು. ನಾನು ಕಣ್ಣಾರೆ ನೋಡಿದೀನಿ. ಅದು ಸುಳ್ಳು ಅಂದ್ರೆ ನಾನು ನೋಡಿದ್ದೂ ಸುಳ್ಳಾ? ನನಗೆ ಆ ಕಾರ್ಡೇ ಬೇಕು, ಶನಿವಾರದೊಳಗೆ."

11.15ಕ್ಕೆ ರೀಟಾ ಮತ್ತು ಕಾನ್‌ಸ್ಟೇಬಲ್ ವೇಡ್ ಕೂಸ್ಟಾಚಿನ್ ಅಂಗಡಿಯ ಮಹಜರು ನಡೆಸಿದರು. ಕಪಾಟಿನ ಬೀಗ ಒಡೆದಿರಲಿಲ್ಲ. ಕೀಲಿ ಗಲ್ಲಾದ ಹಿಂದೆ ಮೊಳೆಗೆ ತೂಗಾಡುತ್ತಿತ್ತು, ಕಣ್ಣಿದ್ದವರಿಗೆಲ್ಲ ಕಾಣುವ ಹಾಗೆ. ಪಕ್ಕದಲ್ಲೇ ಇದ್ದ ಇದರ ಹತ್ತರಷ್ಟು ಬೆಲೆಯ ಕಾರ್ಡುಗಳನ್ನು ಯಾರೂ ಮುಟ್ಟಿರಲಿಲ್ಲ. ಕಳ್ಳ ಒಳ್ಳೆಯದನ್ನು ಬಿಟ್ಟು, ನಕಲಿ ಎಂದು ಮೂಲೆಗೆ ಬಿದ್ದದ್ದನ್ನು ಒಯ್ದಿದ್ದ. ರೀಟಾಗೆ ತಲೆಬುಡ ಅರ್ಥವಾಗಲಿಲ್ಲ.

"ನಾನಂತೂ ಬದಲಾಯಿಸಿಲ್ಲ ಮೇಡಂ," ಎಂದ ಡ್ವೇನ್, ಯಾರೂ ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

"ಕೊನೇ ಸಲ ಆ ಕಾರ್ಡು ನೋಡಿದ್ದು ಯಾವಾಗ?"

"ಶನಿವಾರ ಬೆಳಿಗ್ಗೆ. ಭಾನುವಾರ ಅಂಗಡಿ ಮುಚ್ಚಿತ್ತು."

"ಶನಿವಾರ ಯಾರ್ಯಾರು ಬಂದಿದ್ರು?"

"ಯಾರ್ಯಾರೋ ಬರ್ತಾರೆ. ಕಾಫಿ ಪುಕ್ಕಟೆ ಅಲ್ವಾ."

ವೇಡ್ ಚಿಕ್ಕಂದಿನಿಂದ ಕಾರ್ಡು ಕೂಡಿಟ್ಟವನು. ಕಪಾಟಿನಲ್ಲಿದ್ದ ಕಾರ್ಡನ್ನು ಕೈಗವಸು ಹಾಕಿ ಎತ್ತಿ, ಅದನ್ನು ಮುಚ್ಚಿದ್ದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯ ಮೇಲಿನ ಚೀಟಿ ತೋರಿಸಿದ. "ನಂಬರ್ ಇದೆ ಮೇಡಂ. ಪರೀಕ್ಷೆಗೆ ಯಾರು ಕಳಿಸಿದ್ದು ಅಂತ ಟೊರಾಂಟೊದವರ ಹತ್ರ ದಾಖಲೆ ಇರತ್ತೆ."

"ಇಷ್ಟು ದಡ್ಡ ಕಳ್ಳ ಇರ್ತಾನೇನೋ?"

"ಅಭ್ಯಾಸ ಇಲ್ಲದ ಕಳ್ಳ ಇರಬೌದು."

ಟೊರಾಂಟೊಗೆ ಫೋನು ಹೋಯಿತು. ಉತ್ತರ ಬರುವವರೆಗೆ ರೀಟಾ ಠಾಣೆಯಲ್ಲಿ ಕೂತು ಎರಡು ಸಹಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಕಳುವಾದದ್ದರ ಫೋಟೋ ಪರೀಕ್ಷಕರ ವರದಿಯಲ್ಲಿತ್ತು. ಏಳರ ದರ್ಜೆಯದು ನೀರು ಹರಿದ ಹಾಗೆ, ಗ್ರಾವೆಲ್‌ನ ಮೊದಲಕ್ಷರ 'G'ಗೆ ಗಾಳದ ಕೊಕ್ಕೆಯಂಥ ಬಾಲ. ಮಿರಿಯೆಲ್‌ಳದು ಒಂದನೇ ಕ್ಲಾಸಿನ ಮಗುವಿನದು, ಒಂದೊಂದು ಅಕ್ಷರವೂ ಪಕ್ಕದ್ದರ ಜೊತೆ ಜಗಳವಾಡಿ ದೂರ ನಿಂತ ಹಾಗೆ. ರೀಟಾಗೂ ಅದು ನಕಲಿಯೆಂದೇ ಕಂಡಿತು. ಪಾಪ ಆ ಹೆಂಗಸು ಎಂದುಕೊಂಡಳು.

2.30ಕ್ಕೆ ಉತ್ತರ ಬಂತು. 2011ರಲ್ಲಿ ಆ ಕಾರ್ಡನ್ನು ಪರೀಕ್ಷೆಗೆ ಕಳಿಸಿದವನು ಐನೊ ಕಾಂಗಾಸ್.

ಐನೊನನ್ನು ರೀಟಾ ಚೆನ್ನಾಗಿ ಬಲ್ಲಳು. ಒವಿಲಾನ ತಂಡಕ್ಕೆ ಸಾಮಾನು ಸರಂಜಾಮು ನೋಡಿಕೊಳ್ಳುತ್ತಿದ್ದ ಫಿನ್ನಿಶ್ ಮನುಷ್ಯ. ನಿವೃತ್ತಿಯಾದ ಮೇಲೆ ಊರಿನ ಮಕ್ಕಳ ಸ್ಕೇಟುಗಳಿಗೆಲ್ಲ ಸಾಣೆ ಹಿಡಿದವನು, ಅವಳವಕ್ಕೂ. ಈಗ ಎಂಬತ್ತಾರು. ಹೋಗಲು ಅವಳಿಗೆ ಮನಸ್ಸಿರಲಿಲ್ಲ, ವೇಡ್‌ನನ್ನು ಕರೆದುಕೊಂಡು ಮುದುಕನ ಮನೆಗೆ ಹೋದಳು.

3.10. ಐನೊ ಏಲಕ್ಕಿ ಬ್ರೆಡ್ಡು ಕೊಯ್ದು ಮುಂದಿಟ್ಟ, ಕಾಫಿ ಬಗ್ಗಿಸಿದ.

"ಶನಿವಾರ ಡ್ವೇನ್ ಅಂಗಡಿಗೆ ಹೋಗಿದ್ರಾ?"

"ಪ್ರತಿ ಶನಿವಾರ ಹೋಗ್ತೀನಿ."

"ಈ ಕಾರ್ಡು ನಿಮ್ದಾ?"

"ಆಗಿತ್ತು."

"ಬದಲಾಯಿಸಿದ್ದು ನೀವೇನಾ?"

"ಕಾಫಿ ಆರೋಗತ್ತೆ ಕಣಮ್ಮ, ಕುಡಿ."

ರೀಟಾ ಲೋಟ ಎತ್ತಿಕೊಂಡಳು. ಎದುರಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತನೇ ತಾರೀಖಿನ ಚೌಕದೊಳಗೆ 'ಗ್ಯಾರೇಜ್' ಎಂದು ಬರೆದಿತ್ತು. ಮೊದಲಕ್ಷರ 'G'ಯ ಬಾಲ ಗಾಳದ ಕೊಕ್ಕೆ. ಮಧ್ಯಾಹ್ನವೆಲ್ಲ ಅದನ್ನೇ ನೋಡಿದ್ದಳು. ಲೋಟ ಕೆಳಗಿಟ್ಟು ತನ್ನ ನೋಟ್‌ಬುಕ್ಕನ್ನು ಅವನತ್ತ ತಳ್ಳಿದಳು.

"ಒವಿಲಾ ಗ್ರಾವೆಲ್ ಅಂತ ಬರೀರಿ."

ಐನೊ ಪೆನ್ನು ತೆಗೆದುಕೊಂಡು, ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಒಂದೇ ಎಳೆತದಲ್ಲಿ ಬರೆದ. ವೇಡ್ ಕಾರ್ಡನ್ನು ಪಕ್ಕಕ್ಕೆ ಹಿಡಿದ. ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

"ಆ ಕಾಲದಲ್ಲಿ ಎಲ್ಲಾ ತಂಡದಲ್ಲೂ ಹಂಗೇ," ಎಂದ ಐನೊ. "ಪ್ರತಿ ಊರಲ್ಲೂ ಮೂಟೆ ಮೂಟೆ ಕಾಗದ ಬರ್ತಿತ್ತು, ಮಕ್ಕಳು ಕಾರ್ಡು ಕಳಿಸೋರು. ಆಟಗಾರರು ನನ್ನಂಥೋರ ತಲೆಗೆ ಕಟ್ಟೋರು. ರೈಲಲ್ಲಿ ಕೂತು ಗೀಚ್ತಿದ್ವಿ. ಯಾರೂ ತಪ್ಪು ಅಂದ್ಕೊಂಡಿರ್ಲಿಲ್ಲ. ಬೇರೆಯೋರು ಅರ್ಧ ನಂಗೆ ಕೊಡೋರು. ಒವಿಲಾ ಎಲ್ಲಾ ಕೊಡೋನು. ಒಪ್ಪಂದದ ಕಾಗದ ಕೂಡ."

"ಯಾಕೆ?"

"ಒಂಬತ್ತನೇ ವಯಸ್ಸಿಗೆ ಮರ ಕಡಿಯೋ ಕ್ಯಾಂಪಿಗೆ ಹೋದೋನು. ಅಕ್ಷರ ಬರ್ತಿರ್ಲಿಲ್ಲ. ಮೂರು ಚಳಿಗಾಲ ಕಲಿಸಿ ನೋಡ್ದೆ. ಪೆನ್ಸಿಲ್ ಎಸೆದ. ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡ. ಐವತ್ತೇಳರಲ್ಲಿ."

"ಹಾಗಾದ್ರೆ ಟೊರಾಂಟೊದವರು ಮಾದರಿ ಅಂತ ಇಟ್ಕೊಂಡಿರೋ ಸಹಿಗಳು?"

"ನಂದೇ ಎಲ್ಲಾ. ಫಿನ್ನಿಶ್ ಸಂಘದ ಲಾಟರಿಗೆ ಇಡೋಣ ಅಂತ ಇದನ್ನ ಪರೀಕ್ಷೆಗೆ ಕಳಿಸಿದ್ದೆ. ನಾನು ಬರೆದದ್ದಕ್ಕೆ ಅಸಲಿ ಅಂತ ಮುದ್ರೆ ಒತ್ತಿ ಕಳಿಸಿದ್ರು. ಲಾಟರಿಗೆ ಇಡೋಕೆ ಮನಸ್ಸು ಬರ್ಲಿಲ್ಲ."

ವೇಡ್‌ಗೆ ನಗು ಬಂತು. ರೀಟಾ ಅವನತ್ತ ನೋಡಿದಳು, ನಗು ನಿಂತಿತು.

ಐನೊ ಅಂಗಿಯ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಶನಿವಾರ ಪರೀಕ್ಷಕಿ ಕೂಲಂಕಷವಾಗಿ ನೋಡಿ ಇದೇ ಅಸಲಿ ಎಂದುಬಿಟ್ಟರೆ ಉಳಿದವೆಲ್ಲ ಯಾರವು ಎಂಬ ಪ್ರಶ್ನೆ ಏಳುತ್ತಿತ್ತು; ರಿಂಕ್‌ಗೆ ಹೆಸರಿಡುವ ತಿಂಗಳಲ್ಲೇ ಊರೆಲ್ಲ ಅದೇ ಮಾತಾಗುತ್ತಿತ್ತು. ಮಿರಿಯೆಲ್‌ಗೆ ನಷ್ಟವಾಗಬಾರದೆಂದು ತನ್ನದನ್ನು ಇಟ್ಟಿದ್ದ. ಇದನ್ನು ಒಲೆಗೆ ಹಾಕಲು ಎರಡು ಸಲ ಹೋಗಿದ್ದನಂತೆ, ಕೈ ಬರಲಿಲ್ಲವಂತೆ.

"ಆಸೆಗೆ ಕದ್ದೆ ಅಂತ ಬರ್ಕೊಳಮ್ಮ. ಅಷ್ಟೇ ಸಾಕು."

"ಏಳರ ದರ್ಜೆ ಇಟ್ಟು ನಾಲ್ಕರದ್ದು ಕದಿಯೋ ಆಸೆ ಎಂಥದು ಅಂತ ಜಡ್ಜು ಕೇಳ್ತಾರೆ, ಐನೊ."

3.50ಕ್ಕೆ ಅವನನ್ನು ಬಂಧಿಸಲಾಯಿತು. ಕೋಳ ಹಾಕಲಿಲ್ಲ. ವೇಡ್ ಅವನ ಬೂಟಿನ ದಾರ ಕಟ್ಟಿದ.

ಕಾರ್ಡು ಗುರುತಿಸಲು ಮಿರಿಯೆಲ್ 4.25ಕ್ಕೆ ಠಾಣೆಗೆ ಬಂದಳು. ಬೆಂಚಿನ ಮೇಲೆ ಐನೊನನ್ನು ಕಂಡು ನಿಂತುಬಿಟ್ಟಳು. ರೀಟಾ ಕಾರ್ಡು ತೋರಿಸಿದಳು. ತನ್ನದೇ ಎಂದು ಗುರುತಿಸಿ, ಕಾಗದಕ್ಕೆ ರುಜು ಹಾಕಿ, ಮಿರಿಯೆಲ್ ಮುದುಕನ ಪಕ್ಕ ಹೋಗಿ ಕೂತಳು.

"ಐನೊ ಮಾಮ, ಯಾಕೆ ತಗೊಂಡ್ರಿ ಅಂತ ಕೇಳಲ್ಲ. ಒಂದೇ ಮಾತು ಹೇಳಿ. ಇದು ಅಪ್ಪನ ಕೈಯಾ ಅಲ್ವಾ?"

ಹೌದೆಂದರೆ ಗೆಳೆಯನಿಗೆ ಐನೊ ಕೊಟ್ಟ ಮಾತು ಮುರಿಯಿತು, ಇಲ್ಲವೆಂದರೆ ಗೆಳೆಯನ ಮಗಳು ಸಾಯುವ ತನಕ ಸುಳ್ಳಿಯಾದಳು. ಅರವತ್ತು ವರ್ಷದಲ್ಲಿ ಯಾರೂ ಅವನನ್ನು ಈ ಇಕ್ಕಟ್ಟಿಗೆ ತಳ್ಳಿರಲಿಲ್ಲ. ರೀಟಾ ಬರೆಯುವುದನ್ನು ನಿಲ್ಲಿಸಿದಳು.

"ಅವನದೇ," ಎಂದ ಐನೊ. "ಒವಿಲಾದ ಮೊದಲಕ್ಷರ 'O' ಇದ್ಯಲ್ಲ, ಆ ಸೊನ್ನೆನ ಕೆಳಗಿಂದ ಸುತ್ತಿದಾನೆ, ನೋಡು. ಮೇಲಿಂದ ಸುತ್ತು ಅಂತ ಎಷ್ಟು ಬಡ್ಕೊಂಡ್ರೂ ಕೇಳ್ತಿರ್ಲಿಲ್ಲ. ಹಂಗೆ ಬರೆಯೋನು ಲೋಕದಲ್ಲಿ ಅವನೊಬ್ಬನೇ." ತಡೆದು ಹೇಳಿದ: "ಅವನಿಗೆ ಓದು ಬರಹ ಬರ್ತಿರ್ಲಿಲ್ಲ, ಮಗಳೇ. ನಿಮಗೆ ಯಾರಿಗೂ ಗೊತ್ತಾಗಬಾರದು ಅಂತ..."

"ಮನೇಲಿ ಎಲ್ಲರಿಗೂ ಗೊತ್ತಿತ್ತು ಮಾಮ," ಮಿರಿಯೆಲ್ ಮೆಲ್ಲಗೆ ಹೇಳಿದಳು. "ಕನ್ನಡಕ ಮರೆತೆ ಅಂತ ಎಷ್ಟು ವರ್ಷ ನಂಬೋದು? ಕೊನೇ ವರ್ಷ ನನ್ನ ಮಗಳ ಒಂದನೇ ಕ್ಲಾಸಿನ ಪುಸ್ತಕ ಇಟ್ಕೊಂಡು ಅಮ್ಮ ಕಲಿಸಿದಳು. ಈ ಸಹಿಗೆ ಅರ್ಧ ಗಂಟೆ ತಗೊಂಡ್ರು, ನಾಲಿಗೆ ಹೊರಗೆ ಹಾಕ್ಕೊಂಡು."

"ನಂಗೆ ಹೇಳ್ಲಿಲ್ಲ ಅವನು."

"'ಈಗ ಹೇಳಲ್ಲ, ಬೇಸಿಗೇಲಿ ಐನೊಗೆ ಕಾಗದಾನೇ ಬರೀತೀನಿ, ಬೆಚ್ಚಿ ಬೀಳ್ಲಿ ಅವನು' ಅಂತಿದ್ರು ಅಪ್ಪ. ಮಾರ್ಚಲ್ಲೇ ಹೋಗ್ಬಿಟ್ರು."

ಐನೊ ಅತ್ತ. ಸದ್ದಿಲ್ಲದೆ, ಟೋಪಿಯನ್ನು ಮೊಣಕಾಲ ಮೇಲೆ ಹಿಡಿದುಕೊಂಡು ಅತ್ತ. ಮಿರಿಯೆಲ್ ಅವನ ತೋಳು ಹಿಡಿದು ಕೂತಿದ್ದಳು.

ಕಾರ್ಡು ಸಾಕ್ಷ್ಯವಾದ್ದರಿಂದ ನ್ಯಾಯಾಲಯದ ಅಪ್ಪಣೆಯಿಲ್ಲದೆ ಕೊಡುವಂತಿರಲಿಲ್ಲ. ಶನಿವಾರದ ಪರೀಕ್ಷಕಿಗೆ ಏನು ಹೇಳಲಿ ಎಂದು ರೀಟಾ ಕೇಳಿದಾಗ, ಇನ್ನು ಅವರು ಬೇಕಾಗಿಲ್ಲ ಎಂದಳು ಮಿರಿಯೆಲ್. 5.30ಕ್ಕೆ ಐನೊನನ್ನು ಸಮನ್ಸ್ ಕೊಟ್ಟು ಬಿಡುಗಡೆ ಮಾಡಲಾಯಿತು. ಅವನನ್ನು ಮನೆಗೆ ಕರೆದುಕೊಂಡು ಹೋದವಳು ದೂರುದಾರಳೇ.

ಆರೋಪ: ಐದು ಸಾವಿರ ಡಾಲರಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು. ಉದ್ದೇಶ ಎಂಬ ಕಲಂನಲ್ಲಿ ರೀಟಾ ಬರೆದಳು: ಆರೋಪಿ 1957ರಲ್ಲಿ ಸ್ನೇಹಿತನಿಗೆ ಕೊಟ್ಟ ಮಾತು. ಆ ಮಾತಿನ ಅಗತ್ಯ 1990ರಲ್ಲೇ ಮುಗಿದಿದ್ದುದು ಆರೋಪಿಗೆ ತಿಳಿದಿರಲಿಲ್ಲ.