ಸಮುದ್ರ ಕಂಡು ಚೆಲ್ಲಿದ ನೀರು

"ಅಕ್ಕೋರ, ಇನ್ನ ಎಷ್ಟ ದೂರ ಐತ್ರಿ?"

"ಬಂತ ನೋಡ್ರವ್ವಾ, ಇದೊಂದ ಏರು!" ಮುಂದೆ ನಡೆಯುತ್ತಿದ್ದ ಶಿಕ್ಷಕಿ ತಾರಾಬಾಯಿ ಅಕ್ಕೋರು ಕೂಗಿ ಹೇಳಿದರು.

ಹಾಗೆ ಹೇಳಿದ್ದು ಇದು ನಾಲ್ಕನೆಯ ಸಲ. ಸಾಲಿನ ಕೊನೆಯಲ್ಲಿ ಏದುಸಿರು ಬಿಡುತ್ತಿದ್ದ ಶೇವಂತಿಗೆ ಅಳುವುದೊಂದೇ ಬಾಕಿ. ಸೊಂಟದ ಮೇಲೆ ನೀರು ತುಂಬಿದ ಹಿತ್ತಾಳೆ ಬಿಂದಿಗೆ ಬೇರೆ. ಉಣಕಲ್ ಶಾಲೆಯ ಐದನೆಯ ಇಯತ್ತೆಯ ಹನ್ನೆರಡು ಹುಡುಗಿಯರು ಕಾರವಾರದ ಕಡೆಗೆ ಟ್ರಿಪ್ ಬಂದಿದ್ದರು. ಸಮುದ್ರವನ್ನು ಮೊದಲು ಗುಡ್ಡದ ಮೇಲಿಂದಲೇ ತೋರಿಸಬೇಕೆಂದು ಅಕ್ಕೋರ ಹಟ. ಬಸ್ ಇಳಿದಾಗ "ನೀರ ಯಾರ ಹಿಡೀತೀರಿ?" ಎಂದು ಅವರು ಕೇಳಿದ್ದೇ ತಡ, ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಶೇವಂತಿಯೇ. ಆಗ ನೆಲ ಸಪಾಟಾಗಿತ್ತು, ಶೌರ್ಯ ಜೋರಾಗಿತ್ತು!

ತಿರುವಿನಲ್ಲಿ ಗಿಡಗಳ ಮರೆ ಸರಿದು ಸಮುದ್ರ ಕಂಡಿತು. ಶೇವಂತಿ ನಿಂತೇಬಿಟ್ಟಳು. ಅದು ೧೯೬೨ನೆಯ ಇಸವಿ. ಅವಳ ಓಣಿಯಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ. ಎಲ್ಲಿ ನೀರು ಮುಗಿಯಿತು, ಎಲ್ಲಿ ಆಕಾಶ ಸುರುವಾಯಿತು? ಹಡಗೊಂದು ಆಕಾಶದಲ್ಲೇ ನಿಂತಂತಿತ್ತು. ಉಣಕಲ್ ಕೆರೆಗಾದರೆ ಆಚೆ ದಂಡೆ ಇದೆ. ಇದಕ್ಕೆ ದಂಡೆಯೇ ಇಲ್ಲವೇ? ಅವಳಿಗೆ ತಲೆ ಗಿರ್ರೆಂದಿತು.

ಇಷ್ಟು ನೀರಿರುವಾಗ ತಾನೇಕೆ ನೀರು ಹೊರಬೇಕು? ಸಮುದ್ರದ ನೀರು ಉಪ್ಪು ಎಂದು ಪುಸ್ತಕದಲ್ಲಿ ಓದಿದ್ದಳು, ನಿಜ. ಅದಕ್ಕೇನು? ಮಾವನ ಊರಿನ ಬಾವಿಯ ನೀರೂ ಉಪ್ಪುಪ್ಪೇ. ಊರಿಗೆ ಊರೇ ಅದನ್ನು ಕುಡಿಯುತ್ತದೆ. ಮೊದಲ ದಿನ ಮುಖ ಕಿವುಚಿದರೂ ಮರುದಿನ ರೂಢಿಯಾಗುತ್ತದೆ. ಗುಡ್ಡದ ಆಚೆ ಇಳಿದು ತುಂಬಿಕೊಂಡರಾಯಿತು!

ಅತ್ತಿತ್ತ ನೋಡಿ ಬಿಂದಿಗೆಯನ್ನು ಬೋರಲು ಹಾಕಿದಳು. ಕೆಂಪು ಮಣ್ಣು ನೀರನ್ನೆಲ್ಲ ಕುಡಿದುಬಿಟ್ಟಿತು.

ಗುಡ್ಡದ ತುದಿಯಲ್ಲಿ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಕೆಂಪು ಖಾರ. ಎರಡು ತುತ್ತಿಗೇ ಗೆಳತಿ ಬಾಳವ್ವನ ನೆತ್ತಿಗೆ ಹತ್ತಿತು.

"ನೀರ... ಲಗೂ ಕೊಡ ಶೇವಂತಿ!"

"ತಡಿ, ಕೆಳಗ ಸಮುದ್ರದಾಗ ತುಂಬಕೊಂಡ ಬರ್ತೇನಿ."

ಹುಡುಗಿಯರು ಕಿಸಕ್ಕನೆ ನಕ್ಕರು. ಬಿಂದಿಗೆ ಖಾಲಿ ಇದೆಯೆಂದು ಕಂಡ ಮೇಲೆ ನಗು ನಿಂತಿತು.

"ಅದನ್ನ ಕುಡಿಯಾಕ ಬರೂದಿಲ್ಲವ್ವಾ," ಎಂದರು ಅಕ್ಕೋರು.

"ನಮ್ಮ ಮಾಮಾನ ಊರಾಗ ಉಪ್ಪನೀರ ಕುಡೀತೇವಲ್ರಿ?"

"ಇದು ಅಂಥಾ ಉಪ್ಪಲ್ಲ. ಕುಡದಷ್ಟೂ ನೀರಡಿಕಿ ಹೆಚ್ಚಾಗ್ತೈತಿ."

ನೀರು ಕುಡಿದರೆ ನೀರಡಿಕೆ ಹೆಚ್ಚುವುದೇ? ಕಣ್ಣೆದುರು ಅಷ್ಟೊಂದು ನೀರು, ಕುಡಿಯಲು ಒಂದು ಹನಿಯಿಲ್ಲ. ಶೇವಂತಿಗೆ ಒಂದೂ ತಿಳಿಯಲಿಲ್ಲ. ಬಾಳವ್ವ ಕೆಮ್ಮಿದಾಗಲೆಲ್ಲ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಕೊಡ ಹೊತ್ತು ಏರಿ ಬಂದಳು. ಕೆಮ್ಮುತ್ತಿದ್ದ ಬಾಳವ್ವನನ್ನು ಕಂಡವಳೇ, ಏನೂ ಕೇಳದೆ ಕೊಡ ಇಳಿಸಿ ಬೊಗಸೆಗೆ ನೀರು ಸುರಿದಳು. ಸಿಹಿ ನೀರು! ಹನ್ನೆರಡೂ ಬೊಗಸೆಗಳು ಮುಂದೆ ಬಂದವು. ಕೊಡ ಖಾಲಿಯಾಯಿತು.

"ನಿಮ್ಮ ಮನಿ ಎಲ್ಲೈತ್ರಿ?" ಶೇವಂತಿ ಕೇಳಿದಳು.

"ಅಗೋ, ಇಲ್ಲೇ ಗುಡ್ಡದ ಮೇಲೆ."

"ಮತ್ತ ಬಾವಿ?"

"ಕೆಳಗೆ, ತೆಂಗಿನ ಮರಗಳ ಆಚೆ ಉಂಟು. ಇನ್ನೊಂದು ಸಲ ಹೋಗಿ ಬಂದರಾಯ್ತು ಮಗಾ." ಹೆಂಗಸು ನಗುತ್ತ ಖಾಲಿ ಕೊಡ ಎತ್ತಿಕೊಂಡು ಬಂದ ದಾರಿಯಲ್ಲೇ ಇಳಿಯತೊಡಗಿದಳು.

ಶೇವಂತಿ ಅವಳ ಬೆನ್ನನ್ನೇ ನೋಡಿದಳು. ಇವರ ಮನೆಯ ಮುಂದೆಯೇ ಸಮುದ್ರ. ಆದರೂ ದಿನಾ ಈ ಏರು ಹತ್ತಬೇಕೇ?

"ಅಕ್ಕೋರ, ಅವರ ಮನಿ ನೀರೆಲ್ಲಾ ನಾವ ಕುಡದೇವ್ರಿ. ನಾ ತಂದ ಕೊಡ್ತೇನ್ರಿ," ಎಂದು ಬಿಂದಿಗೆ ಎತ್ತಿಕೊಂಡಳು.

ಅಕ್ಕೋರು ಬಾಳವ್ವನನ್ನೂ ಜೊತೆಗೆ ಕಳಿಸಿದರು. "ಸಾವಕಾಶ ಹೋಗ್ರಿ."

ಬಾವಿಯಿಂದ ಮರಳಿ ಏರುವಾಗ ಬಿಸಿಲು ಸುಡುತ್ತಿತ್ತು. ಹೆಂಗಸು ಮುಂದೆ, ಹುಡುಗಿಯರು ಹಿಂದೆ. ಪಕ್ಕದಲ್ಲಿ ಸಮುದ್ರ ಫಳಫಳ ಹೊಳೆಯುತ್ತಿತ್ತು. ಶೇವಂತಿ ಅತ್ತ ನೋಡಲೇ ಇಲ್ಲ. ನೀರು ತುಳುಕದಂತೆ ಬಿಂದಿಗೆಯ ಬಾಯಿಗೆ ಅಂಗೈ ಮುಚ್ಚಿ, ಒಂದೊಂದೇ ಹೆಜ್ಜೆ ಇಡುತ್ತಿದ್ದಳು.

"ತಾ ಇಲ್ಲಿ, ಸ್ವಲ್ಪ ನಾ ಹಿಡೀತೇನಿ," ಎಂದಳು ಬಾಳವ್ವ.

"ಬ್ಯಾಡ. ಭಾಳ ವಜ್ಜ ಇಲ್ಲ," ಎಂದಳು ಶೇವಂತಿ. ಬಿಂದಿಗೆಯನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡಳು.